ಕಟ್ಟಿದವರೇ ಬಿಚ್ಚಬೇಕು

ಟ್ರಾಕ್ಟರು ಆಸ್ಪತ್ರೆಯ ಗೇಟಿನೊಳಗೆ ನುಗ್ಗಿದರೆ ನಾನು ರೋಗಿಗಿಂತ ಮೊದಲು ಟ್ರೇಲರಿನ ಕಡೆ ಕಣ್ಣು ಹಾಯಿಸುತ್ತೇನೆ, ಎಷ್ಟು ಜನ ಬಂದಿದ್ದಾರೆ ಅಂತ. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊಸದಾಗಿ ಬರುವ ನರ್ಸುಗಳಿಗೆ ಈ ಮಾತು ಹೇಳಿದರೆ ಮುಖ ಕಿವುಚುತ್ತಾರೆ. ಕಿವುಚಲಿ. ಕಬ್ಬು ಕಡಿಯುವ ಕಾಲ ಒಂದು ಸಲ ಕಳೆದರೆ ಅವರೂ ಹಾಗೆಯೇ ನೋಡುತ್ತಾರೆ.

ಆ ದಿನ ಮಧ್ಯಾಹ್ನದ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಬಂದ ಟ್ರೇಲರಿನ ತುಂಬ ಜನವಿದ್ದರು. ಕೆಲವರ ಕೈಯಲ್ಲಿ ಇನ್ನೂ ಕುಡುಗೋಲು. ನಡುವೆ ಗೋಣಿಚೀಲದ ಮೇಲೆ ಮೂವತ್ತರ ಆಸುಪಾಸಿನ ಒಬ್ಬಳು ಹೆಂಗಸನ್ನು ಮಲಗಿಸಿದ್ದರು. ಗಂಡ ತಲೆ ಹಿಡಿದಿದ್ದ, ಅತ್ತೆ ಕಾಲು ಹಿಡಿದಿದ್ದರು, ಮೈದುನ ಎಲ್ಲರಿಗಿಂತ ಮೊದಲು ಕೆಳಗೆ ಹಾರಿ, "ಡಾಕ್ಟ್ರು ಎಲ್ಲವ್ರೆ? ಡಾಕ್ಟ್ರನ್ನ ಕರೀರೀ!" ಎಂದು ಕೂಗುತ್ತಿದ್ದ.

"ಯಾವೂರಣ್ಣ?"

"ಕ್ಯಾತನಹಳ್ಳಿ ತಾವ ಕಣಕ್ಕ. ಕಬ್ಬಿನ ಸೋಗೆ ಬಾಚ್ಕೊಳಕ್ಕೆ ಕೈ ಆಕವ್ಳೆ, ಹುಳ ಮುಟ್ಬುಡ್ತು" ಎಂದ ಮೈದುನ.

ನಮ್ಮ ಸೀಮೆಯಲ್ಲಿ ಹಾವು ಕಚ್ಚಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹುಳ ಮುಟ್ಟಿತು ಎನ್ನುತ್ತಾರೆ. ಬಲಗೈ ಹಿಂಬದಿಯಲ್ಲಿ ಎರಡು ಚುಕ್ಕೆ, ಸುತ್ತ ಊತ. "ಹಾವು ತಂದಿದ್ದೀರಾ?" ಎಂದು ನಾನು ಕೇಳುವುದಿಲ್ಲ. ನಮ್ಮಲ್ಲಿರುವ ವಿಷನಿರೋಧಕ ಔಷಧಿ ಈ ಕಡೆಯ ಮುಖ್ಯ ವಿಷದ ಹಾವುಗಳಿಗೆಲ್ಲ ಒಂದೇ. ಹಾವು ಹುಡುಕಿಕೊಂಡು ಸೋಗೆಗೆ ಇನ್ನೊಬ್ಬ ಕೈ ಹಾಕಿದರೆ ನನಗೆ ಇನ್ನೊಂದು ಮಂಚ ಬೇಕಾಗುತ್ತದೆ.

ಅವಳನ್ನು ಮೂಲೆಯ ಮಂಚಕ್ಕೆ ಹಾಕಿಸಿದೆ. ಹಾವು, ಜಗಳ, ಅಪಘಾತ ಯಾವುದೇ ಬರಲಿ, ಹಿಂದೆ ಜನ ಇದ್ದರೆ ನನ್ನ ಆಯ್ಕೆ ಮೂಲೆಯ ಮಂಚವೇ. ಒಂದು ಕಡೆ ಗೋಡೆ, ತಲೆಯ ಹತ್ತಿರ ಆಕ್ಸಿಜನ್, ಕಾಲ ಹತ್ತಿರ ಔಷಧಿಯ ತಳ್ಳುಗಾಡಿ ಅಡ್ಡ. ಜನ ಒಂದೇ ಕಡೆಯಿಂದ ಬರಬೇಕು, ಬಂದರೂ ನನ್ನ ಬೆನ್ನಿಗೆ ಬರುವುದಿಲ್ಲ. ಕಾಲೇಜಿನಲ್ಲಿ ಮಂಚದ ಚಾದರ ಸುಕ್ಕಿಲ್ಲದೆ ಹಾಸುವುದನ್ನು ಕಲಿಸಿದ್ದರು. ಮಂಚವನ್ನೇ ಎಲ್ಲಿ ಹಾಕಬೇಕು ಎನ್ನುವುದನ್ನು ನಾನು ನಾಗಮಂಗಲದ ಸಂತೆಯಲ್ಲಿ ಅವ್ವನ ಜೊತೆ ಸೊಪ್ಪು ಮಾರುವಾಗ ಕಲಿತೆ. ಅಂಗಡಿಗೆ ಬೆನ್ನ ಹಿಂದೆ ಗೋಡೆಯಿದ್ದರೆ ಗಿರಾಕಿ ಎದುರಿಗೇ ನಿಂತು ಚೌಕಾಸಿ ಮಾಡಬೇಕಾಗುತ್ತದೆ.

ಕೈಗೆ ಮೂರು ಕಟ್ಟು ಬಿಗಿದಿದ್ದರು. ಮೇಲೆ ಗಂಡನ ಟವಲು, ಅದರ ಕೆಳಗೆ ಮೈದುನ ಕಟ್ಟಿದ್ದ ಟ್ರಾಕ್ಟರಿನ ಪ್ಲಾಸ್ಟಿಕ್ ಹಗ್ಗ, ಅದಕ್ಕೂ ಕೆಳಗೆ ಮೊಣಕೈಯಿಂದ ಸ್ವಲ್ಪ ಇಳಿದರೆ ಕರಿ ದಾರ. ನಾಲ್ಕೈದು ಎಳೆ ಹೊಸೆದು, ಒಂದು ಬೇರಿನ ತುಂಡು ಸೇರಿಸಿ ಬಿಗಿದದ್ದು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಬೆರಳು ತಣ್ಣಗಿದ್ದವು. ಊದಿಕೊಳ್ಳುತ್ತಿದ್ದ ಕೈಗೆ ಗಾಜಿನ ಬಳೆಗಳು ಕಚ್ಚಿಕೊಂಡಿದ್ದವು.

ಬಳೆ ಮೊದಲು ಹೋಗಬೇಕಿತ್ತು. ಗಾಯಕ್ಕೆ ಕಟ್ಟುವ ತೆಳು ಬಟ್ಟೆ ಸುತ್ತಿ ಇಕ್ಕಳದಲ್ಲಿ ಒತ್ತಿದರೆ ಚೂರು ಚುಚ್ಚದ ಹಾಗೆ ಒಡೆಯುತ್ತದೆ. ಇಕ್ಕಳ ಕಂಡಿದ್ದೇ ಅತ್ತೆ ನನ್ನ ಕೈ ಹಿಡಿದರು.

"ಗಂಡ ಎದುರ್ಗೇ ನಿಂತವ್ನೆ, ಬಳೆ ಒಡಿತೀಯೇನವ್ವ? ನಿನ್ ಬಾಯಿಗೆ ಮಣ್ಣಾಕ!"

ಬೈಗುಳಕ್ಕೆ ಉತ್ತರ ಕೊಡುವುದು ಕಾಲಹರಣ. ಅವರ ಕೈಗಳನ್ನು ನೋಡಿದೆ. ಎರಡೂ ಕೈ ತುಂಬ ಹಸಿರು ಬಳೆ.

"ಅಮ್ಮ, ನಿಮ್ಮ ಕೈಯವು ಎರಡು ಬಿಚ್ಚಿ ನಿಮ್ಮ ಸೊಸೆ ಎಡಗೈಗೆ ಇಡಿ. ಮುತ್ತೈದೆ ಕೈಯಿಂದ ಮುತ್ತೈದೆ ಕೈಗೆ ಹೋಯ್ತು. ಆ ಕೈ ತುಂಬಿದ ಮೇಲೆ ಈ ಕೈಯದು ತೆಗೀತೀನಿ. ಸರಿನಾ?"

ಎರಡು ಕೇಳಿದರೆ ಅವರು ನಾಲ್ಕು ಬಿಚ್ಚಿ ಹಾಕಿದರು. ನನಗೆ ಎಡಗೈಯಲ್ಲಿ ಸಲೈನಿನ ಕ್ಯಾನುಲಾ ಸೂಜಿ ಹಾಕುವ ಜಾಗ ಕಡಿಮೆಯಾಯಿತು, ಹಾಕಿಕೊಳ್ಳಲಿ ಎಂದುಕೊಂಡು ಮೇಲಿನ ನರ ಹುಡುಕಿದೆ. ಬಲಗೈಯ ಬಳೆ ಯಾರ ತಕರಾರೂ ಇಲ್ಲದೆ ಹೋದವು. ಜನ ನಿಮ್ಮನ್ನು ತಡೆದರೆ ಅವರು ಯಾವುದನ್ನು ಕಾಪಾಡಿಕೊಳ್ಳಬೇಕೆಂದಿದ್ದಾರೆ ನೋಡಿ. ಅದನ್ನು ಅವರಿಗೇ ಬಿಟ್ಟುಕೊಟ್ಟು ನಿಮಗೆ ಬೇಕಾದ್ದನ್ನು ತೆಗೆದುಕೊಳ್ಳಿ.

ಎಲ್ಲವೂ ಹೀಗೆ ಸಲೀಸಾಗಲಿಲ್ಲ. ಸೂಜಿ ನರಕ್ಕೆ ಇಳಿಯುವ ಹೊತ್ತಿಗೆ ಪಕ್ಕದಿಂದ ಯಾರೋ ಬಗ್ಗಿ ನೋಡಲು ಹೋಗಿ ನನ್ನ ಮೊಣಕೈಗೆ ತಗುಲಿದರು. ಸೂಜಿ ಜಾರಿ ನನ್ನ ಗ್ಲೌಸಿನ ಹೆಬ್ಬೆರಳ ಪಕ್ಕ ಹಾದುಹೋಯಿತು. ಚರ್ಮಕ್ಕೆ ತಗುಲಲಿಲ್ಲ, ಅದು ನನ್ನ ಪುಣ್ಯ. ಸೂಜಿಯನ್ನು ಪಕ್ಕದ ಬಿಳಿ ಡಬ್ಬಿಗೆ ನೇರ ಹಾಕಿ, ಗ್ಲೌಸು ಬದಲಿಸಿ, ಹೊಸ ಸೂಜಿ ತೆಗೆದುಕೊಂಡೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಸೂಜಿಯ ಡಬ್ಬಿ ಕೈಗೆಟುಕುವ ದೂರದಲ್ಲಿಲ್ಲದೆ ಸೂಜಿಯನ್ನೇ ಕೈಗೆ ತೆಗೆದುಕೊಳ್ಳಬೇಡಿ. ಅವಸರ ನಿಮ್ಮದಲ್ಲದಿದ್ದರೂ ಚುಚ್ಚಿಕೊಳ್ಳುವವರು ನೀವೇ.

ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಇಪ್ಪತ್ತು ನಿಮಿಷ ಅಲುಗಿಸದೆ ಬಿಟ್ಟು ಆಮೇಲೆ ಬಗ್ಗಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ವಿಷ ರಕ್ತವನ್ನು ಕೆಡಿಸಿದೆ ಎಂದರ್ಥ. ನಾನು ಆಕ್ಸಿಜನ್ ಕೊಳವೆ ಸರಿಮಾಡಿ ತಿರುಗುವಷ್ಟರಲ್ಲಿ ಮೈದುನ ಆ ನಳಿಕೆಯನ್ನು ಬೆಳಕಿಗೆ ಹಿಡಿದು ಕುಲುಕುತ್ತಿದ್ದ.

"ಏನಪ್ಪಾ ಮಾಡ್ತಿದ್ದೀಯ?"

"ವಿಸ ಕಾಣ್ತದಾ ಅಂತ ನೋಡ್ತಿವ್ನಿ ಕಣಕ್ಕ."

"ಕಂಡ್ತಾ?"

"ಇಲ್ಲ."

"ಇನ್ನು ನನಗೂ ಕಾಣಲ್ಲ. ಇಲ್ಲಿ ಮಡಗು."

ಮತ್ತೆ ರಕ್ತ, ಮತ್ತೆ ನಳಿಕೆ, ಮತ್ತೆ ಕಾಯುವಿಕೆ. ಈ ಸಲ ಅದನ್ನು ಕಾಯುವ ಕೆಲಸವನ್ನು ಅವನಿಗೇ ಕೊಟ್ಟೆ. "ಇದನ್ನ ಯಾರೂ ಮುಟ್ಟಬಾರದು. ಮುಟ್ಟಿದರೆ ನಿನ್ನ ಕೇಳ್ತೀನಿ." ಅವನು ಎದೆ ಸೆಟೆಸಿ ಕಿಟಕಿಗೆ ಕಾವಲು ನಿಂತ. ತನ್ನ ಸ್ವಂತ ಅಣ್ಣನನ್ನೂ ಹತ್ತಿರ ಬಿಡಲಿಲ್ಲ.

ಅಂದು ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಕೈ ಚುರುಕು. ಹೆಂಗಸಿನ ರೆಪ್ಪೆ ಜೋತು ಬೀಳುತ್ತಿರುವುದನ್ನು ನೋಡಿದವರೇ, "ನಳಿಕೆಗೆ ಕಾಯೋದು ಬೇಡ ಸಿಸ್ಟರ್, ವಿಷ ನರಮಂಡಲಕ್ಕೆ ಏರ್ತಿದೆ, ಔಷಧಿ ಶುರು ಮಾಡೋಣ" ಎಂದರು. ಹತ್ತು ಸೀಸೆ ಪುಡಿ ಕರಗಿಸಿ ಸಲೈನಿಗೆ ಸೇರಿಸುವುದು ಒಬ್ಬರ ಕೈಯ ಕೆಲಸವಲ್ಲ. ಸೀಸೆಯನ್ನು ಕುಲುಕಿದರೆ ನೊರೆ ಬರುತ್ತದೆ, ಅಂಗೈಯಲ್ಲಿ ನಿಧಾನ ಉರುಳಿಸಬೇಕು. ನಮ್ಮ ಆಯಾ ಒಂದೊಂದೇ ಮುಚ್ಚಳ ತೆಗೆದು ಕೊಡುತ್ತಾ ಬಂದರು. ಔಷಧಿಯೇ ಮೈಗೆ ಒಗ್ಗದೆ ಹೋಗಬಹುದು, ಅದಕ್ಕೆ ಅಡ್ರಿನಲಿನ್ ಸಿರಿಂಜಿಗೆ ತುಂಬಿ ತಟ್ಟೆಯಲ್ಲಿ ಇಟ್ಟಿದ್ದೆ.

ಉಸಿರಿನ ಬಲ ತಿಳಿಯಲು ರೋಗಿಗೆ ಒಂದೇ ಉಸಿರಿನಲ್ಲಿ ಒಂದು, ಎರಡು ಎಣಿಸಿ ಎನ್ನುತ್ತೇವೆ. ಗಾಬರಿಯಲ್ಲಿ ಎಣಿಕೆ ಯಾರಿಗೂ ಬರುವುದಿಲ್ಲ. ನಾನು ಬೇರೆ ದಾರಿ ಕಂಡುಕೊಂಡಿದ್ದೇನೆ.

"ನಿಮ್ಮ ಬೀದೀಲಿ ಯಾರ್ಯಾರ ಮನೆ ಇವೆ, ಒಂದೇ ಉಸಿರಲ್ಲಿ ಹೇಳವ್ವ ನೋಡೋಣ."

"ಮೂಲೆಮನೆ, ಹೆಂಚಿನಮನೆ, ಮೇಷ್ಟ್ರಮನೆ, ಅಂಗಡಿಯೋರ್ದು, ನಮ್ದು, ಬಾವಿಮನೆ, ಪೂಜಾರ್ರುದ್ದು, ಡೈರಿ..." ಅಲ್ಲಿಗೆ ಬೀದಿ ಮುಗಿಯಿತಂತೆ. ಒಳ್ಳೆಯದು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದಾಗ ಅಂಗಡಿಯವರ ಮನೆಗೇ ಉಸಿರು ನಿಂತಿತು. ತನ್ನ ಮನೆಗೂ ತಲುಪಲಿಲ್ಲ.

ಟವಲು ಬಿಚ್ಚಿಸಿದ್ದಾಗಿತ್ತು, ಹಗ್ಗವನ್ನು ಮೈದುನನೇ ಬಿಚ್ಚಿದ್ದ. ಎರಡಕ್ಕೂ ಯಾರೂ ಮಾತಾಡಿರಲಿಲ್ಲ. ಉಳಿದದ್ದು ಕರಿ ದಾರ. ಬೆರಳುಗಳು ನೀಲಿಗೆ ತಿರುಗುತ್ತಿದ್ದವು. ಡಾಕ್ಟರು ಕತ್ತರಿ ತೆಗೆದುಕೊಂಡರು, ಔಷಧಿ ಒಂದಿಷ್ಟು ಹರಿದ ಮೇಲೆ ಕತ್ತರಿಸೋಣವೆಂದು ಪಕ್ಕದಲ್ಲಿ ಇಟ್ಟುಕೊಳ್ಳಲು. ಅಷ್ಟು ಸಾಕಾಯಿತು.

"ಅದನ್ನ ಮುಟ್ಬ್ಯಾಡಿ ಸಾರ್!" ಗಂಡ ಅಡ್ಡ ಬಂದ. ಅಲ್ಲಿಯವರೆಗೂ ಮಾತೇ ಆಡದಿದ್ದ ಮನುಷ್ಯ. "ಅದು ನಮ್ಮೂರ ಯಜಮಾನ್ರು ಮಂತ್ರ ಆಕಿ ಕಟ್ಟವ್ರೆ. ಕಟ್ಟಿದೋರೇ ಬಿಚ್ಬೇಕು. ಬ್ಯಾರೇರು ಕೈ ಆಕಿದ್ರೆ ವಿಸ ತಲೆಗೇರ್ತದೆ."

"ಹಾಗೇ ಬಿಟ್ಟರೆ ಕೈ ಕೊಳೆಯುತ್ತೆ" ಎಂದರು ಡಾಕ್ಟರು.

"ಕೈ ಓದ್ರೆ ಓಗ್ಲಿ, ಜೀವ ಓದ್ರೆ ನೀವು ಕೊಡ್ತೀರಾ?"

ಹೊರಗೆ ನಿಂತಿದ್ದವರಿಗೆ ಇಷ್ಟೇ ಕೇಳಿಸಿತು. "ಏನ್ಲಾ ಅದು? ಜೀವ ಓಯ್ತಂತಾ?" ಎಂದು ಒಬ್ಬ ಕೂಗಿದ, ಬಾಗಿಲು ತಳ್ಳಿಕೊಂಡು ಏಳೆಂಟು ಜನ ಒಳಗೆ ನುಗ್ಗಿದರು. ಒಬ್ಬ ಡಾಕ್ಟರ ತೋಳು ಹಿಡಿದ. ಸ್ಟೂಲು ಉರುಳಿತು. ನಮ್ಮ ಸೆಕ್ಯೂರಿಟಿಯವರು ಅರಕೆರೆ ಕಡೆಯವರು, ಗಟ್ಟಿ ಆಳೇ, ಆದರೆ ಒಬ್ಬರೇ. "ಲೇ, ಆಚೆ ನಡೀರ್ಲಾ!" ಎಂದು ಅವರು ಒಬ್ಬನನ್ನು ತಳ್ಳಿದರೆ ಇಬ್ಬರು ಒಳಗೆ ಬರುತ್ತಿದ್ದರು. ಸಲೈನಿನ ಸ್ಟ್ಯಾಂಡು ವಾಲಿತು, ಅದನ್ನು ಹಿಡಿದುಕೊಂಡೇ ನಾನು ಯೋಚಿಸಿದೆ.

ಪೊಲೀಸರಿಗೆ ಫೋನು ಮಾಡಬಹುದಿತ್ತು. ಮಾಡಬೇಕಾದ ಸಂದರ್ಭಗಳೂ ಬರುತ್ತವೆ, ಆಗ ಸಂಕೋಚ ಬೇಡ. ಆದರೆ ಅವರು ಬರುವವರೆಗೆ ಈ ಕೋಣೆ ಹೀಗೇ ಇದ್ದರೆ ಔಷಧಿಯ ಕೊಳವೆ ಕಿತ್ತುಹೋಗುವುದು ಖಂಡಿತ. ಗಂಡನ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಅರ್ಧ ಸುಳ್ಳು, ಆದರೆ ಅರ್ಧ ನಿಜ. ಬಿಗಿದ ಕಟ್ಟನ್ನು ಒಮ್ಮೆಲೇ ಬಿಚ್ಚಿದರೆ ತಡೆದು ನಿಂತ ವಿಷ ಒಟ್ಟಿಗೆ ಮೈಗೆ ನುಗ್ಗಬಹುದು, ಅದನ್ನು ನಮಗೆ ಪಾಠದಲ್ಲೇ ಹೇಳಿದ್ದರು. ಔಷಧಿ ಒಂದಿಷ್ಟು ಒಳಗೆ ಹೋಗುವವರೆಗೆ ಡಾಕ್ಟರೂ ಅದನ್ನು ಕತ್ತರಿಸುವವರಿರಲಿಲ್ಲ. ಹೇಗಿದ್ದರೂ ನಾವು ಕಾಯಲೇಬೇಕಿತ್ತು. ನಮಗೇ ಬೇಕಾದ ಆ ಹೊತ್ತನ್ನು ಇವರಿಗೆ ಮಾರಿದರೆ?

ಕತ್ತರಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತಳ್ಳುಗಾಡಿಯ ಮೇಲಿಟ್ಟೆ.

"ಅಣ್ಣ ಹೇಳೋದು ಸುಳ್ಳಲ್ಲ" ಎಂದೆ, ಗಟ್ಟಿಯಾಗಿ. "ಗಬಕ್ಕನೆ ಬಿಚ್ಚಿದರೆ ವಿಷ ಏರುತ್ತೆ. ನಾವೂ ಈಗ ಬಿಚ್ಚಲ್ಲ. ನಿಮ್ಮ ಯಜಮಾನರು ಎಲ್ಲವ್ರೆ?"

ಡಾಕ್ಟರ ತೋಳು ಹಿಡಿದಿದ್ದವನು ಕೈ ಬಿಟ್ಟ. "ಊರಲ್ಲೇ ಅವ್ರೆ" ಎಂದ ಗಂಡ.

"ಯಾರ ಬೈಕು ಐತೆ? ಹೋಗಿ ಕರ್ಕೊಂಡು ಬನ್ನಿ. ಅವರೇ ಬಿಚ್ಚಲಿ. ಆದರೆ ನನ್ನದೂ ಒಂದು ಮಾತಿದೆ ಅಣ್ಣ. ಅವರು ಬರೋವರೆಗೆ ಒಳಗೆ ನೀವೊಬ್ಬರು, ಕಿಟಕಿ ಹತ್ತಿರ ನಿಮ್ಮ ತಮ್ಮ, ಅಷ್ಟೇ. ಅವರು ಬಂದ ಮೇಲೆ ಡಾಕ್ಟರು ಹೂಂ ಅಂದಾಗ ಬಿಚ್ಚಬೇಕು, ಅದಕ್ಕಿಂತ ಮೊದಲಲ್ಲ. ಇನ್ನೊಂದು, ಈ ಬಾಟಲಿ ಅರ್ಧ ಇಳಿಯೋ ಅಷ್ಟರಲ್ಲಿ ಅವರು ಬರದೇ ಹೋದರೆ ನಾವೇ ತೆಗೀತೀವಿ, ನೀವು ತಡೀಬಾರದು. ನಿಮ್ಮ ಎಂಡ್ರು ಎದುರಿಗೇ ಹೇಳಿ, ಒಪ್ಪಿಗೆ ಐತಾ?"

ಗಂಡ ಹೆಂಡತಿಯ ಮುಖ ನೋಡಿದ. ಅವಳು ಅರ್ಧ ಮುಚ್ಚಿದ ಕಣ್ಣಿನಲ್ಲೇ ತಲೆಯಾಡಿಸಿದಳು.

"ಒಪ್ಪಿಗೆ ಕಣಕ್ಕ."

ಇಬ್ಬರು ಬೈಕಿಗೆ ಓಡಿದರು. ಉಳಿದವರಿಗೂ ಕೆಲಸ ಹಂಚಿದೆ. ನಾಲ್ವರು ಗೇಟಿನಿಂದ ಬಾಗಿಲವರೆಗೆ ದಾರಿ ಬಿಡಿಸಬೇಕು, ಮೈಸೂರಿಗೆ ಕರೆದೊಯ್ಯಲು ಆಂಬುಲೆನ್ಸ್ ಬರುತ್ತದೆ. ಟ್ರಾಕ್ಟರನ್ನು ಬೇವಿನಮರದ ಕೆಳಕ್ಕೆ ಹಾಕಬೇಕು. ಕುಡುಗೋಲುಗಳೆಲ್ಲ ಟ್ರೇಲರಿಗೇ ವಾಪಸು ಹೋಗಬೇಕು. ಅತ್ತೆಗೆ ಬಾಗಿಲ ಪಕ್ಕ ಕುರ್ಚಿ ಹಾಕಿಸಿ, "ನೀವು ಹೇಳದೆ ಯಾರೂ ಒಳಗೆ ಬರಬಾರದು" ಎಂದೆ. ಆಮೇಲೆ ಆ ಬಾಗಿಲಿಗೆ ಸೆಕ್ಯೂರಿಟಿಯವರೇ ಬೇಕಾಗಲಿಲ್ಲ. ಗದರಿದರೆ ಒಂದು ಗಳಿಗೆ ಸುಮ್ಮನಿರುವ ಜನ ಕೆಲಸ ಕೊಟ್ಟರೆ ಕೊನೆವರೆಗೂ ನಿಮ್ಮ ಕಡೆಗಿರುತ್ತಾರೆ.

"ಕಟ್ಟು ಬಿಚ್ಚುವ ಮೊದಲು ಮೇಲಿನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಗಾಳಿ ತುಂಬೋಣ" ಎಂದರು ಡಾಕ್ಟರು. "ದಾರ ಹೋದ ಮೇಲೆ ಪಟ್ಟಿಯ ಗಾಳಿ ಸ್ವಲ್ಪಸ್ವಲ್ಪವೇ ಬಿಡಬಹುದು. ಒಮ್ಮೆಲೇ ನುಗ್ಗಲ್ಲ." ಅಷ್ಟು ಗಲಾಟೆ ಆದಮೇಲೂ ಅವರ ದನಿ ನಡುಗಿರಲಿಲ್ಲ. ಅಂಗಿಯ ತೋಳು ಹರಿದಿತ್ತು, ಅಷ್ಟೆ.

ಯಜಮಾನರು ಬಂದಾಗ ಬಾಟಲಿ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಎಪ್ಪತ್ತು ದಾಟಿದವರು, ತಲೆಗೆ ಟವಲು, ಕಣ್ಣಿನಲ್ಲಿ ಸಿಟ್ಟು.

"ನಾ ಕಟ್ಟಿದ್ದ ಬಿಚ್ಚಕ್ಕೆ ಇವ್ರ ಅಪ್ಪಣೆ ಯಾಕ್ಲಾ?" ಎಂದು ಗಂಡನನ್ನು ಕೇಳುತ್ತಲೇ ಒಳಗೆ ಬಂದರು.

"ಅಪ್ಪಣೆ ಅಲ್ಲ ತಾತ" ಎಂದೆ. "ನೀವಿಲ್ಲದೆ ನಾವು ಬಿಚ್ಚಲಿಲ್ಲ. ನಾವಿಲ್ಲದೆ ನೀವು ಬಿಚ್ಚಬೇಡಿ. ಲೆಕ್ಕ ಸಮ ಆಯ್ತು. ಮೊದಲು ಕೈ ತೊಳ್ಕೊಳ್ಳಿ, ಅಲ್ಲಿ ಸೋಪು ಐತೆ."

ಅವರು ನನ್ನನ್ನು ದುರುಗುಟ್ಟಿ ನೋಡಿ, "ಜೋರಾಗವ್ಳೆ ಕಣ್ಲಾ ಈಯಮ್ಮ" ಎಂದು ಗೊಣಗಿ, ಕೈ ತೊಳೆದುಕೊಂಡರು.

ಪಟ್ಟಿ ಕಟ್ಟಿ ಗಾಳಿ ತುಂಬಿದೆ. ಡಾಕ್ಟರು ಹೂಂ ಎಂದರು. ಯಜಮಾನರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ಗಂಟಿಗೆ ಬೆರಳು ಹಾಕಿದರು. ದಾರ ಊತದೊಳಗೆ ಹೂತುಹೋಗಿತ್ತು. ಉಗುರಿನಿಂದ ಕೆದಕಿದರು, ಎಳೆದರು. ಗಂಟು ಕಲ್ಲಾಗಿತ್ತು. ಅವರ ಹಣೆಯ ಮೇಲೆ ಬೆವರು ಮೂಡಿತು. ನಾನು ಬಿ.ಪಿ. ಮುಳ್ಳಿನ ಕಡೆ ನೋಡುತ್ತಾ ನಿಂತೆ. ಚೌಕಾಸಿಯಲ್ಲಿ ಎದುರಿನವರು ತಾವಾಗಿ ಇಳಿಯುವ ಹೊತ್ತಿಗೆ ನೀವು ಬಾಯಿ ಹಾಕಿದರೆ ಮತ್ತೆ ಏರಿಬಿಡುತ್ತಾರೆ.

ಕೊನೆಗೆ ಅವರೇ ತಲೆಯೆತ್ತಿದರು. "ಭಾಳ ಬಿಗಿಯಾಗಿ ಕಟ್ಬುಟ್ಟಿವ್ನಿ ಕಣವ್ವ. ಆ ಕತ್ರಿ ಕೊಡು."

ಮೊಂಡು ತುದಿಯ ಕತ್ತರಿ ಕೊಟ್ಟು, ದಾರದ ಕೆಳಗೆ ನಾಲಿಗೆ ಒತ್ತುವ ಮರದ ಪಟ್ಟಿ ತೂರಿಸಿ ಹಿಡಿದೆ. ಅವರ ಕೈ ಮೇಲೆ ನನ್ನ ಇನ್ನೊಂದು ಕೈ ಇಟ್ಟೆ. ಒಂದೊಂದೇ ಎಳೆ ಕತ್ತರಿಸುತ್ತಾ ಬಂದರು. ಕೊನೆಯ ಎಳೆ ಹೋದಾಗ ಗಂಡ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

ಪಟ್ಟಿಯ ಗಾಳಿಯನ್ನು ಡಾಕ್ಟರು ಇಷ್ಟಿಷ್ಟೇ ಬಿಟ್ಟರು. ಬೆರಳಿಗೆ ಬಣ್ಣ ಬಂತು, ಮಣಿಕಟ್ಟಿನಲ್ಲಿ ನಾಡಿ ಬಂತು. ಅದರ ಹಿಂದೆಯೇ ನಾವು ಹೆದರಿದ್ದೂ ಬಂತು. ಬಿ.ಪಿ. ಇಳಿಯಿತು, ರೆಪ್ಪೆ ಪೂರ್ತಿ ಮುಚ್ಚಿತು. ಬೀದಿಯ ಮನೆ ಕೇಳಿದರೆ "ಮೂಲೆ..." ಎನ್ನುವಷ್ಟಕ್ಕೇ ನಿಂತಳು. ಡಾಕ್ಟರು ಪಟ್ಟಿಗೆ ಮತ್ತೆ ಸ್ವಲ್ಪ ಗಾಳಿ ಹಾಕಿ ನಿಲ್ಲಿಸಿದರು, ಸಲೈನು ಜೋರು ಮಾಡಿಸಿದರು, ಸ್ನಾಯುಗಳಿಗೆ ಬಲ ಕೊಡುವ ಇಂಜೆಕ್ಷನ್ ಹೇಳಿದರು. ಮುಖಕ್ಕೆ ಇಟ್ಟು ಉಸಿರು ಕೊಡುವ ಚೀಲವನ್ನು ನಾನು ಕೈಯಲ್ಲಿ ಹಿಡಿದು ತಲೆಯ ಹತ್ತಿರ ನಿಂತೆ. ಅವಳ ಉಸಿರಿನ ಜೊತೆ ನನ್ನ ಕೈ ಕೂಡಿಸಿ ಕೆಲವು ಸಲ ಒತ್ತಬೇಕಾಯಿತು. ಅಷ್ಟು ಹೊತ್ತೂ ಗಂಡ ಅಲ್ಲೇ ನಿಂತಿದ್ದ. ಅವನು ನಮ್ಮನ್ನು ದೂರಲಿಲ್ಲ, ಯಜಮಾನರನ್ನೂ ದೂರಲಿಲ್ಲ. ಎಲ್ಲರೂ ಸೇರಿ ಮಾಡಿದ ಕೆಲಸವಾದ್ದರಿಂದ ದೂರಲು ಯಾರೂ ಉಳಿದಿರಲಿಲ್ಲ.

ರೆಪ್ಪೆ ನಿಧಾನ ಎದ್ದಿತು. ಇನ್ನೊಮ್ಮೆ ಕೇಳಿದೆ. ಮೂಲೆಮನೆ, ಹೆಂಚಿನಮನೆ, ಮೇಷ್ಟ್ರಮನೆ, ಅಂಗಡಿಯವರದು. ಸ್ವಲ್ಪ ತಡೆದು, "ನಮ್ದು" ಎಂದಳು. ಅತ್ತೆ ಬಾಗಿಲಿಂದಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಿಟಕಿಯ ಹತ್ತಿರದಿಂದ ಮೈದುನ, "ಅಕ್ಕಾ, ಗಟ್ಟಿಯಾಗದೆ ಕಣಕ್ಕ ಇದು!" ಎಂದು ನಳಿಕೆ ತೋರಿಸಿದ. ರಕ್ತ ಹೆಪ್ಪುಗಟ್ಟಿತ್ತು. ಆಂಬುಲೆನ್ಸ್ ಬಂದಾಗ ಡಾಕ್ಟರು ಮೈಸೂರಿನ ದೊಡ್ಡ ಆಸ್ಪತ್ರೆಗೆ ಫೋನಿನಲ್ಲಿ ಎಲ್ಲ ಹೇಳಿ ಮುಗಿಸಿದ್ದರು. ದಾರಿ ಬಿಡಿಸಿದ್ದ ನಾಲ್ವರು ಗೇಟಿನವರೆಗೂ ಅದರ ಮುಂದೆ ಓಡಿದರು.

ಎಲ್ಲರೂ ಹೋದ ಮೇಲೆ ಯಜಮಾನರೊಬ್ಬರೇ ಬೆಂಚಿನ ಮೇಲೆ ಉಳಿದಿದ್ದರು. ಅವರನ್ನು ಕರೆತಂದ ಬೈಕು ಆಂಬುಲೆನ್ಸಿನ ಹಿಂದೆ ಹೋಗಿಬಿಟ್ಟಿತ್ತು. ಟೀ ತರಿಸಿ ಕೊಟ್ಟೆ. ಗಿರಾಕಿ ಒಂಟಿಯಾಗಿ ಸಿಕ್ಕಾಗ ವ್ಯಾಪಾರ ಮುಂದೂಡಬಾರದು.

"ತಾತ, ಇನ್ನು ಮೇಲೆ ಕಟ್ಟು ಹಾಕಬೇಡಿ."

"ಆಕ್ದೆ ಇದ್ರೆ ಜನ ಸುಮ್ಕಿರ್ತಾರಾ? ಓಡ್ಬತ್ತಾರೆ, ಕಾಲಿಗ್ ಬೀಳ್ತಾರೆ. ಬರಿಗೈಲಿ ಎಂಗ್ ಕಳ್ಸನ?"

ಅದೂ ನ್ಯಾಯವೇ. "ದಾರ ಕಟ್ಟಿ, ಹುಳ ಮುಟ್ಟದ ಇನ್ನೊಂದು ಕೈಗೆ ಕಟ್ಟಿ. ಮುಟ್ಟಿದ ಕೈಗೆ ಒಂದು ಕೋಲು ಇಟ್ಟು, ಅಲುಗದ ಹಾಗೆ ಬಟ್ಟೆ ಸುತ್ತಿ ಸಾಕು, ಬಿಗೀಬಾರದು. ಆಮೇಲೆ ನೀವೇ ಹೇಳಿ, ಆಸ್ಪತ್ರೆಗೆ ಓಡಿ ಅಂತ. ನೀವು ಹೇಳಿದರೆ ಓಡ್ತಾರೆ, ನಾನು ಹೇಳಿದರೆ ಓಡಲ್ಲ."

ಅವರು ಟೀ ಕುಡಿದು ಲೋಟ ಕೆಳಗಿಟ್ಟರು. "ಮಂತ್ರ?"

"ಅದು ನಿಮ್ಮದು. ಅದಕ್ಕೆ ನಾನು ಬರಲ್ಲ. ದಾರಿ ಮೇಲೆ ಹೇಳ್ಕೊಳ್ಳಿ."

"ಕೋಲು ಎಂಗ್ ಕಟ್ಟೋದು, ತೋರ್ಸು ವಸಿ" ಎಂದು ತಮ್ಮ ಕೈಯನ್ನೇ ಮುಂದೆ ಚಾಚಿದರು.

ಸುಗ್ಗಿ ಮುಗಿಯುವ ಹೊತ್ತಿಗೆ ಆ ಹೆಂಗಸು ಡ್ರೆಸ್ಸಿಂಗಿಗೆ ಬಂದಳು, ಜೊತೆಗೆ ಅತ್ತೆ. ಕಚ್ಚಿದ ಜಾಗದಲ್ಲಿ ಚರ್ಮ ಸ್ವಲ್ಪ ಹೋಗಿತ್ತು, ಮೈಸೂರಿನಲ್ಲಿ ಹೊಸ ಚರ್ಮ ಕೂರಿಸಿದ್ದರು. ಪಟ್ಟಿ ಬಿಚ್ಚಿ ಗಾಯ ನೋಡಿದೆ, ಕೆಂಪಗೆ ಚೆನ್ನಾಗಿತ್ತು. ಬೆರಳು ಒಂದೊಂದಾಗಿ ಮಡಿಸಿ ನೋಡಿದೆ. ಉಂಗುರದ ಬೆರಳು ಮಾತ್ರ ಬಿಗಿಯಾಗಿತ್ತು.

"ನನ್ನ ಎರಡು ಬೆರಳು ಹಿಡಿದು ಹಿಂಡು ನೋಡೋಣ."

ಹಿಂಡಿದಳು. ಗಟ್ಟಿ ಇತ್ತು.

"ಮನೇಲಿ ಕೈಗೆ ಕೆಲಸ ಕೊಡ್ತಿದ್ದೀಯಾ, ಇಲ್ಲ ಸುಮ್ಮನೆ ಕೂತಿದ್ದೀಯಾ?"

"ಎಲ್ ಕೂರದು ಕಣಕ್ಕ. ಹಸ ನನ್ ಬಿಟ್ರೆ ಬ್ಯಾರೇರ್ಗೆ ಕೆಚ್ಚಲು ಮುಟ್ಟುಸ್ತಿರ್ಲಿಲ್ಲ. ನಮ್ಮತ್ತೆ ಓದ್ರೆ ಒದ್ದದೆ, ನಮ್ಮನೆಯೋರು ಓದ್ರೆ ಬಕೀಟ್ ಮಗುಚ್ತು."

"ಒದ್ದುದ್ದು ನನ್ನ ಮಂಡಿಗೆ" ಎಂದರು ಅತ್ತೆ, ಸೀರೆ ಎತ್ತಿ ಗುರುತು ತೋರಿಸುತ್ತಾ. "ಅದ್ಕೂ ವಸಿ ಮುಲಾಮು ಬರ್ಕೊಡ್ಸವ್ವ."

"ಈಗ?"

"ಸೋಮ್ವಾರದಿಂದ ನಾನೇ ಕರೀತಿವ್ನಿ" ಎಂದಳು ಅವಳು. "ಒಂದ್ ಬೆಳ್ಳು ವಸಿ ಸರ್ಯಾಗಿ ಬಗ್ಗಕಿಲ್ಲ. ಹಸಕ್ಕೆ ಗೊತ್ತಾಗಿಲ್ಲ."